ರಾಯಚೂರಿನ ಬಿಸಿಲಿಗೆ ಬಂದ ಹಳೆ ನಿಂಟೆಂಡೊ ಸ್ವಿಚ್: ಆರು ವಾರದ ರಿಪೇರಿ ಲೆಕ್ಕ

ನನ್ನದು ರಾಯಚೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್, ಕೂಲರ್, ಮಿಕ್ಸಿ, ಟೇಬಲ್ ಫ್ಯಾನ್, ದಿನಾ ಕೈಗೆ ಬರುವುದು ಇವೇ. ವಿಡಿಯೋ ಗೇಮ್ ಅಂದರೆ ಚಿಕ್ಕವನಿದ್ದಾಗ ಟಿವಿಗೆ ಹಳದಿ ಪಿನ್ ಚುಚ್ಚಿ ಆಡಿದ ಕ್ಯಾಸೆಟ್ ಗೇಮ್ ಒಂದೇ ಗೊತ್ತಿತ್ತು. ಈ ಸಲ ಬೇಸಿಗೆ ರಜೆಗೆ ಮಗಳಿಗೂ, ಮಾನ್ವಿಯಿಂದ ಬರುವ ಅಕ್ಕನ ಮಗನಿಗೂ ಅಂತ ನಿಂಟೆಂಡೊ ಸ್ವಿಚ್ ಅನ್ನುವ ಹಳೆಯ ಗೇಮ್ ಸೆಟ್ ಒಂದು ತಂದೆ. ಕೈಯಲ್ಲಿ ಹಿಡಿದು ಆಡಬಹುದು, ಟಿವಿಗೆ ಜೋಡಿಸಿದ ಡಾಕ್ ಅನ್ನುವ ಪೆಟ್ಟಿಗೆಯಲ್ಲಿ ಇಳಿಸಿದರೆ ಅದೇ ಆಟ ಟಿವಿಗೆ ಬರುತ್ತದೆ. ತಂದ ದಿನದಿಂದ ಏನು ಮಾಡಿದೆ, ಎಲ್ಲಿ ಕೆಡಿಸಿದೆ, ಎಷ್ಟು ದುಡ್ಡು ಹೋಯಿತು, ಎಲ್ಲಾ ಅಂಗಡಿಯ ಜಾಬ್ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಟ್ಟಿದ್ದೆ. ಇದು ಅದರದೇ ಪ್ರತಿ.

ಏಪ್ರಿಲ್ 5, 2025, ಶನಿವಾರ. ಸೆಟ್ ಕೈಗೆ ಬಂತು

ಕೊಟ್ಟವನು ನಮ್ಮ ಓಣಿಯ ಹುಡುಗ, ಬೆಂಗಳೂರಿನಲ್ಲಿ ಕೆಲಸ. ಸ್ವಿಚ್ 2 ಜೂನ್ 5ಕ್ಕೆ ಬರುತ್ತದೆ ಅಂತ ಮೂರು ದಿನದ ಹಿಂದೆ ಗೊತ್ತಾಗಿತ್ತು. ಅವನಿಗೆ ಹೊಸದರ ಮೇಲೆ ಮನಸ್ಸು, ನನಗೆ ಹಳೆಯದೇ ಸಾಕು. 14,500 ಹೇಳಿದ್ದ. ಹೆಬ್ಬೆರಳಲ್ಲಿ ತಿರುಗಿಸುವ ಎಡಗಡೆ ಸ್ಟಿಕ್ ಆಗಾಗ ತಾನೇ ಸರಿಯುತ್ತದೆ ಅಂತ ಮೊದಲೇ ಬಾಯಿಬಿಟ್ಟು ಹೇಳಿ 1,500 ಬಿಟ್ಟ. 13,000ಕ್ಕೆ ಮುಗಿಯಿತು. ಸೆಟ್, ಡಾಕ್, ಎರಡು ಜಾಯ್‌ಕಾನ್ (ಸೆಟ್‌ನ ಎರಡು ಬದಿಗೆ ಕೂರುವ ರಿಮೋಟ್), ಅಡಾಪ್ಟರ್, ಎಚ್‌ಡಿಎಂಐ ಕೇಬಲ್, ಮಾರಿಯೋ ಕಾರ್ಟ್ 8 ಡಿಲಕ್ಸ್ ಅನ್ನುವ ಗಾಡಿ ರೇಸ್ ಆಟದ ಕಾರ್ಟ್ರಿಡ್ಜ್, ಇಷ್ಟು ಬಂತು.

ಹಳೆಯದು ಕೊಳ್ಳುವವರು ಮೊದಲು ಸೆಟ್ ತಿರುಗಿಸಿ ಹಿಂದಿನ ಕೆಳಭಾಗ ನೋಡಬೇಕು. ಸಣ್ಣ ಅಕ್ಷರದಲ್ಲಿ ಮಾಡೆಲ್ ನಂಬರ್ ಇರುತ್ತದೆ. ಎಚ್‌ಎಸಿ-001 ಅಂತಷ್ಟೇ ಇದ್ದರೆ ಅದು 2017ರ ಮಾರ್ಚ್‌ನಲ್ಲಿ ಬಂದ ಮೊದಲ ಮಾಡೆಲ್. ಬ್ಯಾಟರಿ ಎರಡೂವರೆಯಿಂದ ಆರೂವರೆ ತಾಸು ಅಂತ ಕಂಪನಿಯ ಲೆಕ್ಕ. ಅದರ ಮುಂದೆ ಬ್ರಾಕೆಟ್ ಹಾಕಿ -01 ಅಂತ ಇದ್ದರೆ 2019ರ ಆಗಸ್ಟ್ ಆದ ಮೇಲಿನದು. ಅದರದು ನಾಲ್ಕೂವರೆಯಿಂದ ಒಂಬತ್ತು ತಾಸು. ಎರಡಕ್ಕೂ ಬ್ಯಾಟರಿ 4310 ಎಂಎಎಚ್. ಎರಡನೆಯದರ ಒಳಗಿನ ಚಿಪ್ ಕರೆಂಟು ಕಡಿಮೆ ತಿನ್ನುತ್ತದೆ, ಅಷ್ಟೇ ವ್ಯತ್ಯಾಸ. ಮುಂದಿನಿಂದ ನೋಡಿದರೆ ಎರಡೂ ಒಂದೇ. ನನಗೆ ಸಿಕ್ಕಿದ್ದು ಎರಡನೆಯದು.

ಕೈಗೆ ತಗೊಂಡಾಗ ಮೊದಲು ಗೊತ್ತಾಗಿದ್ದು ತೂಕ. ಜಾಯ್‌ಕಾನ್ ಸೇರಿ 400 ಗ್ರಾಂ ಹತ್ತಿರ. ಎಂಟು ವರ್ಷದ ಮಗಳು ಆರಾಮಾಗಿ ಹಿಡಿದಳು. 6.2 ಇಂಚಿನ ಸ್ಕ್ರೀನ್, ಮುಂದೆ ಇರುವುದು ಪ್ಲಾಸ್ಟಿಕ್, ಗಾಜಲ್ಲ. ಉಗುರಿಗೂ ಗೆರೆ ಬೀಳಬಹುದು ಅನ್ನಿಸಿತು. ಅವತ್ತೇ 250 ಕೊಟ್ಟು ಗ್ಲಾಸ್ ಅಂಟಿಸಿದೆ. ಒಳಗಿನ ಜಾಗ 32 ಜಿಬಿ ಮಾತ್ರ, ಅದಕ್ಕೆ 128 ಜಿಬಿ ಕಾರ್ಡ್, 950.

ಸಂಜೆ ತಂಗಿಯ ಎರಡು ವರ್ಷದ ಮಗು ಕಾರ್ಟ್ರಿಡ್ಜ್ ಬಾಯಿಗೆ ಹಾಕಿಕೊಂಡಿತು. ನಾವು ಓಡಿ ಹೋಗುವುದರೊಳಗೆ ಅದೇ ಮುಖ ಕಿವುಚಿ ಉಗುಳಿತು. ಮಕ್ಕಳು ನುಂಗಬಾರದು ಅಂತ ಆ ಚೂರಿನ ಮೇಲೆ ಡೆನಟೋನಿಯಂ ಬೆಂಜೊಯೇಟ್ ಅನ್ನುವ ಕಹಿ ಹಚ್ಚಿರುತ್ತಾರೆ. ನಾನೂ ನಾಲಿಗೆ ತುದಿಗೆ ಮುಟ್ಟಿಸಿ ನೋಡಿದೆ. ನೀರು ಕುಡಿದರೂ ಹತ್ತು ನಿಮಿಷ ಹೋಗಲಿಲ್ಲ. "ಬಟ್ಟು ಚೀಪೋ ಕೂಸಿಗೆ ಬೇವಿನೆಣ್ಣಿ ಹಚ್ಚಿದಂಗ ಮಾಡ್ಯಾರ, ಚಲೋ ಕೆಲಸ" ಅಂದರು ನಮ್ಮವ್ವ. ಮಾಡಿದವರು ಮಕ್ಕಳಿರುವ ಮನೆಯನ್ನು ನೆನಪಿಟ್ಟುಕೊಂಡೇ ಮಾಡಿದ್ದಾರೆ ಅಂತ ನನಗೂ ಅನ್ನಿಸಿತು.

ಏಪ್ರಿಲ್ 6, ಭಾನುವಾರ. ಟಿವಿಗೆ ಚಿತ್ರ ಬರಲಿಲ್ಲ

ಸ್ವಿಚ್ ನಮ್ಮ ದೇಶದಲ್ಲಿ ಕಂಪನಿಯಿಂದ ನೇರವಾಗಿ ಬರುವುದಿಲ್ಲ. ಸಿಗುವುದೆಲ್ಲ ಹೊರಗಿನಿಂದ ತಂದದ್ದು. ಹಾಗಾಗಿ ನಮ್ಮ ಅಡಾಪ್ಟರ್‌ಗೆ ಎರಡು ಚಪ್ಪಟೆ ಪಿನ್. ಗೋಡೆಯ ಸಾಕೆಟ್‌ಗೆ ಚುಚ್ಚಿದರೆ ಅಲ್ಲಾಡುತ್ತದೆ, ಭಾರಕ್ಕೆ ಕೆಳಗೆ ಜೋತು ಬೀಳುತ್ತದೆ. ಸಡಿಲ ಪಿನ್ನಿನಲ್ಲಿ ಕಿಡಿ ಹಾರಿದರೆ ಏನಾಗುತ್ತದೆ ಅನ್ನುವುದನ್ನು ಅಂಗಡಿಯಲ್ಲಿ ದಿನಾ ನೋಡುತ್ತೇನೆ. ಅದನ್ನು ತೆಗೆದು ಬದಿಗಿಟ್ಟು ಮನೆಯಲ್ಲಿದ್ದ ಮೊಬೈಲ್ ಚಾರ್ಜರ್ ಅನ್ನು ಡಾಕ್‌ಗೆ ಹಾಕಿದೆ. ಪಿನ್ ಅದೇ ಅಲ್ವಾ, ಟೈಪ್-ಸಿ.

ತಪ್ಪಾಗಿದ್ದು ಇಲ್ಲಿ. ಟಿವಿಯಲ್ಲಿ ಸಿಗ್ನಲ್ ಇಲ್ಲ. ಎಚ್‌ಡಿಎಂಐ ಕೇಬಲ್ ಬದಲಿಸಿದೆ, ಟಿವಿಯ ಇನ್ನೊಂದು ಪೋರ್ಟ್‌ಗೆ ಹಾಕಿದೆ, ಸೆಟ್ ಎತ್ತಿ ಇಳಿಸಿ ಎತ್ತಿ ಇಳಿಸಿ ಒಂದು ತಾಸು ಕಳೆದೆ. ಡಾಕ್ ಸತ್ತಿದೆ ಅಂತ ಮಾರಿದ ಹುಡುಗನಿಗೆ ಫೋನ್ ಮಾಡಲೂ ಹೊರಟಿದ್ದೆ. ಆಮೇಲೆ ಅಡಾಪ್ಟರ್ ಹೊಟ್ಟೆಯ ಮೇಲಿನ ಅಕ್ಷರ ಓದಿದೆ. 100ರಿಂದ 240 ವೋಲ್ಟ್ ಒಳಗೆ. ಹೊರಗೆ ಎರಡು ಲೆಕ್ಕ: 5 ವೋಲ್ಟ್ 1.5 ಆಂಪಿಯರ್, 15 ವೋಲ್ಟ್ 2.6 ಆಂಪಿಯರ್. ಟಿವಿಗೆ ಚಿತ್ರ ಕೊಡಬೇಕಾದರೆ ಡಾಕ್‌ಗೆ ಆ 15 ವೋಲ್ಟೇ ಬೇಕು. ನನ್ನ ಮೊಬೈಲ್ ಚಾರ್ಜರ್ 5 ವೋಲ್ಟಿನದು. ಅದರಿಂದ ಸೆಟ್ ನಿಧಾನಕ್ಕೆ ಚಾರ್ಜ್ ಆಗುತ್ತದೆ, ಆದರೆ ಟಿವಿಗೆ ಏನೂ ಬರುವುದಿಲ್ಲ. ನೇಮ್ ಪ್ಲೇಟ್ ಓದದೆ ಮೋಟರಿಗೆ ಕರೆಂಟು ಕೊಡಬೇಡಿ ಅಂತ ರೈತರಿಗೆ ಹೇಳುವವನು ನಾನು. ಇಲ್ಲಿ ಅದನ್ನೇ ಮರೆತಿದ್ದೆ.

ಒಳಗೆ 240 ವೋಲ್ಟ್ ತನಕ ನಡೆಯುವುದರಿಂದ ಟ್ರಾನ್ಸ್‌ಫಾರ್ಮರ್ ಏನೂ ಬೇಡ, ಪಿನ್ ಬದಲಿಸುವ ಪ್ಲಗ್ ಸಾಕು. ನಮ್ಮೂರ ತೀನ್ ಕಂದೀಲ್ ಹತ್ತಿರ ಗಟ್ಟಿಯಾದದ್ದು ಒಂದು 80ಕ್ಕೆ ಸಿಕ್ಕಿತು. ಗೋಡೆಗೆ ಹಾಕಿದರೆ ಮತ್ತೆ ಜೋತು ಬೀಳುತ್ತದೆ ಅಂತ ಸ್ಪೈಕ್ ಗಾರ್ಡ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ 650ಕ್ಕೆ ತಂದು ಅಡ್ಡ ಮಲಗಿಸಿ ಇಟ್ಟೆ. ಈಗ ಅಡಾಪ್ಟರ್ ಬೋರ್ಡಿನ ಮೇಲೆ ಕೂತಿದೆ, ನೇತಾಡುತ್ತಿಲ್ಲ. ಚಿತ್ರ ತಕ್ಷಣ ಬಂತು.

ನಮ್ಮದು 32 ಇಂಚಿನ ಎಚ್‌ಡಿ ರೆಡಿ ಟಿವಿ. ಡಾಕ್ 1080 ಗೆರೆಯ ಚಿತ್ರದ ತನಕ ಕೊಡುತ್ತದೆ, ನಮ್ಮ ಟಿವಿಗೆ ಅದನ್ನು ಪೂರ್ತಿ ತೋರಿಸುವ ಶಕ್ತಿ ಇಲ್ಲ. ಅದಕ್ಕೆ ಏನೂ ಬೇಜಾರಿಲ್ಲ. ಬೇಜಾರಾಗಿದ್ದು ಎರಡು. ಸುತ್ತಲೂ ಅಂಚು ಕತ್ತರಿಸಿ ಹೋಗಿ ಮೂಲೆಯ ನಂಬರ್ ಕಾಣುತ್ತಿರಲಿಲ್ಲ. ಟಿವಿಯ ಪಿಕ್ಚರ್ ಸೈಜ್ ಬದಲಿಸಿ, ಸ್ವಿಚ್‌ನ ಟಿವಿ ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ಸೈಜ್ 100 ಇಟ್ಟ ಮೇಲೆ ಸರಿಹೋಯಿತು. ಇನ್ನೊಂದು, ಸ್ಟಿಕ್ ತಿರುಗಿಸಿದ ಮೇಲೆ ಗಾಡಿ ತಡವಾಗಿ ತಿರುಗುತ್ತಿತ್ತು. ಟಿವಿಯಲ್ಲಿ ಗೇಮ್ ಮೋಡ್ ಹಾಕಿದೆ. ಬಣ್ಣ ಸ್ವಲ್ಪ ಪೇಲವ ಆಯಿತು, ಗಾಡಿ ಮಾತ್ರ ಹೇಳಿದ ಮಾತು ಕೇಳತೊಡಗಿತು.

ಏಪ್ರಿಲ್ 9, ಬುಧವಾರ. ಬಿಸಿಲು ಮತ್ತು ಶೋಕೇಸ್

ಚಂದ ಕಾಣಲಿ ಅಂತ ಡಾಕ್ ಅನ್ನು ಟಿವಿ ಕೆಳಗಿನ ಗಾಜಿನ ಬಾಗಿಲ ಶೋಕೇಸ್‌ನಲ್ಲಿ ಇಟ್ಟಿದ್ದೆ. ಮಧ್ಯಾಹ್ನ ಮೂರಕ್ಕೆ ಊಟಕ್ಕೆ ಬಂದಾಗ ಒಳಗಿಂದ ಜೋರಾಗಿ ಗಾಳಿ ಸದ್ದು. ಬಾಗಿಲು ತೆಗೆದು ಸೆಟ್‌ನ ಮೇಲ್ಭಾಗ ಮುಟ್ಟಿದರೆ ಬೆರಳು ಇಡಲಾಗಲಿಲ್ಲ. ತಕ್ಷಣ ಬಂದ್ ಮಾಡಿದೆ.

ಮಲ್ಟಿಮೀಟರಿನ ಟೆಂಪರೇಚರ್ ಪ್ರೋಬ್ ತಂದು ಇಟ್ಟು ನೋಡಿದೆ. ಹಾಲ್‌ನಲ್ಲಿ 38 ಡಿಗ್ರಿ. ಬಾಗಿಲು ಹಾಕಿದ ಶೋಕೇಸ್‌ನಲ್ಲಿ 45. ಈ ಸೆಟ್ 5ರಿಂದ 35 ಡಿಗ್ರಿ ಒಳಗೆ ನಡೆಸಲು ಅಂತ ಮಾಡಿದ್ದು. ಅಂದರೆ ನಮ್ಮ ಏಪ್ರಿಲ್ ಮಧ್ಯಾಹ್ನ ಸುಮ್ನೆ ಟೇಬಲ್ ಮೇಲಿಟ್ಟರೂ ಲೆಕ್ಕ ಮೀರಿತು. ಸೆಟ್‌ನ ಬೆನ್ನಿನ ಕಿಂಡಿಗಳಿಂದ ಗಾಳಿ ಒಳಗೆ ಹೋಗಿ ತಲೆಯ ಮೇಲಿನ ಸೀಳಿನಿಂದ ಹೊರಗೆ ಬರಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಬಿಟ್ಟ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು.

ತೀರ್ಮಾನ ಎರಡು. ಮಧ್ಯಾಹ್ನ ಹನ್ನೆರಡರಿಂದ ಐದರ ತನಕ ಡಾಕ್‌ನಲ್ಲಿ ಆಟ ಇಲ್ಲ. ಡಾಕ್‌ಗೆ ತೆರೆದ ಹಲಗೆ ಬೇಕು.

ಏಪ್ರಿಲ್ 13, ಭಾನುವಾರ. ಹಲಗೆ

ಡಾಕ್ ಅಳತೆ: ಅಗಲ 173, ಎತ್ತರ 104, ದಪ್ಪ 54 ಮಿ.ಮೀ. ಬಡಿಗೇರರ ಹತ್ತಿರ ಬಿದ್ದಿದ್ದ 12 ಮಿ.ಮೀ. ಪ್ಲೈವುಡ್ ತುಂಡು ಪುಕ್ಕಟೆ ಸಿಕ್ಕಿತು. 320ಕ್ಕೆ 160 ಕೊಯ್ದೆ. ಡಾಕ್‌ನ ಹಿಂದೆ ಕೇಬಲ್ ಇಳಿಯಲು 35 ಮಿ.ಮೀ. ತೂತು ಒಂದು, ಬದಿಗೆ ಗಾಳಿಗೆ ಅಂತ ಮೂರು. ಎರಡು ಎಲ್ ಬ್ರಾಕೆಟ್, ಸ್ಕ್ರೂ, ರಾಲ್ ಪ್ಲಗ್ ಸೇರಿ 180.

ಗೋಡೆ ಸತಾಯಿಸಿತು. ನಮ್ಮದು ಅಪ್ಪನ ಕಾಲದ ಮನೆ, ಕಲ್ಲಿನ ಗೋಡೆ, ಮೇಲೆ ಗಚ್ಚು. ಮೊದಲ ತೂತು ಒಂದಿಂಚು ಹೋಗಿ ಕಲ್ಲಿಗೆ ತಾಗಿತು. ಒತ್ತಿ ಹಿಡಿದೆ. 6 ಮಿ.ಮೀ. ಬಿಟ್ ಕೆಂಪಗೆ ಕಾದು ಮೊನೆ ಹೋಯಿತು. ಪಕ್ಕದಲ್ಲಿ ಇನ್ನೊಂದು ಹಾಕಿದೆ, ಗಚ್ಚು ಅಂಗೈಯಗಲ ಉದುರಿತು. ಆಮೇಲೆ ಸುತ್ತಿಗೆಯ ಹಿಡಿಯಿಂದ ಗೋಡೆ ತಟ್ಟುತ್ತಾ ಸದ್ದು ಕೇಳಿದೆ. ಕಲ್ಲಿದ್ದಲ್ಲಿ ಗಟ್ಟಿ ಸದ್ದು, ಸಂದಿಯಲ್ಲಿ ಮೆತ್ತನೆ ಸದ್ದು. ಸಂದಿ ಹುಡುಕಿ ನಾಲ್ಕು ತೂತು ಹಾಕಿದ ಮೇಲೆ ಪ್ಲಗ್ ಬಿಗಿಯಾಗಿ ಕೂತವು. ಇದನ್ನು ಮೊದಲೇ ಮಾಡಿದ್ದರೆ ಗಚ್ಚು ಉಳಿಯುತ್ತಿತ್ತು. ಉದುರಿದ ಜಾಗಕ್ಕೆ ಸಿಮೆಂಟು ಮೆತ್ತಿದ್ದೇನೆ, ಬಣ್ಣ ಇನ್ನೂ ಆಗಿಲ್ಲ.

ಗುಜರಿ ಕಂಪ್ಯೂಟರಿನ 80 ಮಿ.ಮೀ. ಫ್ಯಾನ್ ಒಂದಿತ್ತು, 12 ವೋಲ್ಟಿನದು. ಸದ್ದು ಕಡಿಮೆ ಆಗಲಿ ಅಂತ 9 ವೋಲ್ಟಿನ ಹಳೆ ಅಡಾಪ್ಟರ್‌ಗೆ ಕಟ್ಟಿ ಡಾಕ್‌ನ ಮೇಲ್ಗಡೆ ಕೂರಿಸಿದೆ, ಗಾಳಿ ಕೆಳಗೆ ಬೀಳುವ ಹಾಗೆ. ತಂಪು ಗಾಳಿ ತಲೆಗೆ ಹೊಡೆದರೆ ಒಳ್ಳೆಯದು ಅಂದುಕೊಂಡಿದ್ದೆ. ಅರ್ಧ ತಾಸು ಆಡಿಸಿ ಸೀಳಿನ ಹತ್ತಿರ ಪ್ರೋಬ್ ಇಟ್ಟರೆ 52. ಫ್ಯಾನ್ ಇಲ್ಲದೆ 49 ಇತ್ತು. ಸೆಟ್ ಬಿಸಿಗಾಳಿಯನ್ನು ಮೇಲಕ್ಕೆ ದಬ್ಬುತ್ತಿದೆ, ನಾನು ಮೇಲಿಂದ ಅದನ್ನೇ ಒಳಗೆ ದಬ್ಬುತ್ತಿದ್ದೇನೆ. ಫ್ಯಾನ್ ತಿರುವಿ ಹಾಕಿದೆ, ಮೇಲಕ್ಕೆ ಎಳೆಯುವ ಹಾಗೆ. 44ಕ್ಕೆ ಇಳಿಯಿತು. ಹಾಗೇ ಬಿಟ್ಟಿದ್ದೇನೆ.

ಇನ್ನೊಂದು ಮಾತು. ಬೇಸಿಗೆಯಲ್ಲಿ ನಮ್ಮಲ್ಲಿ ಕೂಲರ್ ಇಲ್ಲದ ಹಾಲ್ ಇಲ್ಲ. ಅದರ ಗಾಳಿ ನೇರ ಡಾಕ್‌ಗೆ ಬಡಿಯುತ್ತಿತ್ತು. ತಂಪು ಹೌದು, ಆದರೆ ಅದು ಒದ್ದೆ ಗಾಳಿ. ಅಂಗಡಿಗೆ ಬರುವ ಕೂಲರ್ ಮೋಟರ್‌ಗಳ ತುಕ್ಕು ನೋಡಿದವನಿಗೆ ಅದನ್ನು ಸರ್ಕಿಟ್ ಬೋರ್ಡಿಗೆ ಬಿಡಲು ಮನಸ್ಸಾಗಲ್ಲ. ಕೂಲರನ್ನು ಎದುರು ಕಿಟಕಿಗೆ ಸರಿಸಿದೆ.

ಏಪ್ರಿಲ್ 15, ಮಂಗಳವಾರ. ಮಕ್ಕಳು ಕೂತರು

ಅಕ್ಕನ ಮಗ ಬಂದ. ಜಾಯ್‌ಕಾನ್ ಎರಡನ್ನೂ ಬಿಚ್ಚಿ ಅಡ್ಡ ಹಿಡಿದರೆ ಒಬ್ಬೊಬ್ಬರಿಗೆ ಒಂದೊಂದು ರಿಮೋಟ್ ಆಗುತ್ತದೆ. ಬೇರೆ ಕೊಳ್ಳುವುದೇ ಬೇಡ. ಈ ಸೆಟ್‌ನಲ್ಲಿ ನನಗೆ ಬಹಳ ಹಿಡಿಸಿದ್ದು ಇದು.

ಅಳಿಯ ಕೈಗೆ ಕಟ್ಟುವ ಪಟ್ಟಿಯನ್ನು ಉಲ್ಟಾ ಜಾರಿಸಿಬಿಟ್ಟ. ಬಿಗಿಯಾಗಿ ಸಿಕ್ಕಿಹಾಕಿಕೊಂಡಿತು. ಪಟ್ಟಿಯ ಮೇಲೆ ಪ್ಲಸ್ ಮೈನಸ್ ಗುರುತು ಇರುತ್ತದೆ, ಜಾಯ್‌ಕಾನ್ ಮೇಲಿನ ಗುರುತಿಗೆ ಅದು ಹೊಂದಬೇಕು. ಬೀಗದ ಗುಂಡಿ ಒತ್ತಿ ಹಿಡಿದು, ಹೆಬ್ಬೆರಳಿಂದ ಒಂದೇ ಸಮ ಒತ್ತುತ್ತಾ ಹೋದೆ. ಹತ್ತು ನಿಮಿಷಕ್ಕೆ ಬಂತು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದ್ದರೆ ಹಳಿ ಬಾಗಿಬಿಡುತ್ತಿತ್ತು.

ರಾತ್ರಿ ನಮ್ಮವ್ವ ಆಡಿದರು. ಅವರಿಗೆ 68. ಮಾರಿಯೋ ಕಾರ್ಟ್‌ನಲ್ಲಿ ರಸ್ತೆ ಬಿಟ್ಟು ಹೋಗದ ಹಾಗೆ ತಡೆಯುವ ಒಂದು ಸೌಲಭ್ಯ ಇದೆ, ತಾನೇ ಓಡುವುದು ಇನ್ನೊಂದು. ಎರಡೂ ಹಾಕಿದರೆ ಗಾಡಿಯ ಹಿಂದೆ ಸಣ್ಣ ಆಂಟೆನಾ ಕಾಣುತ್ತದೆ. ಅವ್ವ ಬರೀ ತಿರುಗಿಸಿದರೆ ಸಾಕು. ಮೂರು ಸುತ್ತು ಮುಗಿಸಿ ಒಂಬತ್ತನೆಯವರಾಗಿ ಬಂದರು. "ಇನ್ನೊಮ್ಮಿ ಹಾಕು" ಅಂದರು.

ಆದರೆ ಅಳಿಯನ ಕೈಯಲ್ಲಿದ್ದ ಎಡಗಡೆ ಜಾಯ್‌ಕಾನ್ ಹಟ ಮಾಡುತ್ತಿತ್ತು. "ಮಾಮಾ, ನಾ ಏನೂ ಮುಟ್ಟಿಲ್ಲ, ಇದು ತಾನಽ ಬಾಜೂಕ ಹೊಂಟೈತಿ ನೋಡು."

ಏಪ್ರಿಲ್ 16ರಿಂದ 19. ಬಿಚ್ಚದೆ ಮಾಡಿದ ಪ್ರಯತ್ನ

ಸೆಟ್ಟಿಂಗ್‌ನಲ್ಲಿ ಕಂಟ್ರೋಲರ್‌ಗಳ ಭಾಗಕ್ಕೆ ಹೋಗಿ ಸ್ಟಿಕ್ ಕ್ಯಾಲಿಬ್ರೇಟ್ (ಸ್ಟಿಕ್‌ನ ನಡು ಸರಿಪಡಿಸುವುದು) ತೆರೆದರೆ ಒಂದು ವೃತ್ತ, ನಡುವೆ ಒಂದು ಚುಕ್ಕೆ. ಕೈ ಬಿಟ್ಟಾಗ ಚುಕ್ಕೆ ನಡುವೆ ನಿಲ್ಲಬೇಕು. ನಮ್ಮದು ಮೇಲಕ್ಕೆ ಸರಿದು ಸಣ್ಣಗೆ ನಡುಗುತ್ತಿತ್ತು. ಕ್ಯಾಲಿಬ್ರೇಟ್ ಮಾಡಿದೆ. ಒಂದು ಸಂಜೆ ಸರಿ ಇತ್ತು.

ಮರುದಿನ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, 280. ಸ್ಟಿಕ್‌ನ ಬುಡದ ರಬ್ಬರ್ ಸೆರಗು ಕಡ್ಡಿಯಿಂದ ಎತ್ತಿ ಒಂದು ಚೂರು ಹೊಡೆದು ಸುತ್ತ ತಿರುಗಿಸಿದೆ. ಎರಡು ದಿನ ಚಂದ ನಡೆಯಿತು. ಮೂರನೇ ದಿನ ಮತ್ತೆ ಅದೇ ಚಾಳಿ. ಎರಡನೇ ಸಲ ಹೊಡೆದಾಗ ಅರ್ಧ ದಿನವೂ ನಿಲ್ಲಲಿಲ್ಲ. ಸವೆದ ವಸ್ತುವಿಗೆ ಎಣ್ಣೆ ನೀರು ಎಷ್ಟು ಹಾಕಿದರೂ ಅಷ್ಟೇ. ಹೊಸ ಸ್ಟಿಕ್ ಹಾಕುವುದೇ ಸರಿ ಅಂತ ಜೋಡಿಯನ್ನೇ ತರಿಸಿದೆ, ಜೊತೆಗೆ ವೈ ಆಕಾರದ ಸ್ಕ್ರೂಡ್ರೈವರ್, ಸಣ್ಣ ಪ್ಲಸ್, ಚಿಮಟ, ಪ್ಲಾಸ್ಟಿಕ್ ಕಡ್ಡಿ. ಎಲ್ಲಾ ಸೇರಿ 1,750. ಹಾಲ್ ಸೆನ್ಸರ್ ಇರುವ ಸ್ಟಿಕ್ ಅವು, ಸ್ವಲ್ಪ ಜಾಸ್ತಿ ರೇಟು. ಎಲೆಕ್ಟ್ರಿಕ್ ಸ್ಕೂಟರಿನ ಆಕ್ಸಿಲರೇಟರ್‌ನಲ್ಲಿ ಇರುತ್ತದಲ್ಲ, ಅದೇ ಜಾತಿ. ಒಳಗೆ ಅಯಸ್ಕಾಂತ, ಉಜ್ಜುವ ಭಾಗ ಇಲ್ಲ.

ಏಪ್ರಿಲ್ 20, ಭಾನುವಾರ. ತಡೆಯಲಾರದೆ ಬಿಚ್ಚಿದೆ, ಸ್ಕ್ರೂ ಕೆಡಿಸಿದೆ

ಪಾರ್ಸೆಲ್ ಬರುವ ಮುಂಚೆಯೇ ಕೈ ಹಾಕಿದ್ದು ನನ್ನ ದೊಡ್ಡ ತಪ್ಪು. ಜಾಯ್‌ಕಾನ್ ಬೆನ್ನಿಗೆ ನಾಲ್ಕು ಸ್ಕ್ರೂ, ಮೂರು ರೆಕ್ಕೆಯ ತಲೆ. ಮೊಬೈಲ್ ರಿಪೇರಿಯ ಸಣ್ಣ ಪ್ಲಸ್ ಹಾಕಿ ಒತ್ತಿ ತಿರುಗಿಸಿದೆ. ಮೂರು ಬಂದವು. ನಾಲ್ಕನೆಯದರ ತಲೆ ಸವೆದು ಗುಂಡಗಾಯಿತು. ಅವತ್ತು ಅಲ್ಲಿಗೇ ನಿಲ್ಲಿಸಿದೆ.

ಏಪ್ರಿಲ್ 27, ಭಾನುವಾರ. ಸ್ಟಿಕ್ ಬದಲಾಯಿತು

ಬೆಳಿಗ್ಗೆ ಏಳಕ್ಕೆ ಕೂತೆ, ಬಿಸಿಲು ಏರುವ ಮುಂಚೆ. ಟೇಬಲ್ ಮೇಲೆ ಬಿಳಿ ಟವೆಲ್. ಫ್ಯಾನ್ ಬಂದ್. ಒಂದು ಸ್ಕ್ರೂ ಹಾರಿ ಹೋದರೆ ಸಿಗಲ್ಲ.

1. ತಲೆ ಸವೆದ ಸ್ಕ್ರೂ ಮೇಲೆ ಸೈಕಲ್ ಟ್ಯೂಬಿನ ಸಣ್ಣ ತುಂಡು ಇಟ್ಟು, ಅದರ ಮೇಲೆ ಸರಿಯಾದ ವೈ ಸ್ಕ್ರೂಡ್ರೈವರ್ ಇಟ್ಟು, ಭಾರ ಹಾಕಿ ನಿಧಾನ ತಿರುಗಿಸಿದೆ. ಮೂರನೇ ಸಲಕ್ಕೆ ಹಿಡಿಯಿತು.

2. ಮುಚ್ಚಳವನ್ನು ಪುಸ್ತಕದ ಹಾಗೆ ತೆರೆಯಬೇಕು. ಎತ್ತಿ ಎಳೆಯಬಾರದು. ಎರಡು ಅರ್ಧಗಳ ನಡುವೆ ಕಾಗದದಷ್ಟು ತೆಳುವಾದ ರಿಬ್ಬನ್ ಕೇಬಲ್ ಇದೆ.

3. ಮೊದಲು ಬ್ಯಾಟರಿ ಪಿನ್ ತೆಗೆದೆ. 525 ಎಂಎಎಚ್‌ನ ಪುಟ್ಟ ಬ್ಯಾಟರಿ, ತಳಕ್ಕೆ ಗೋಂದು. ಪ್ಲಾಸ್ಟಿಕ್ ಕಡ್ಡಿಯಿಂದ ಎಬ್ಬಿಸಿದೆ. ಲೋಹದ್ದು ಹತ್ತಿರ ತರಲಿಲ್ಲ.

4. ಬ್ಯಾಟರಿ ಕೂರುವ ತಟ್ಟೆಗೆ ಮೂರು ಪ್ಲಸ್ ಸ್ಕ್ರೂ. ತಟ್ಟೆಗೆ ಝಡ್‌ಎಲ್ ಗುಂಡಿಯ ರಿಬ್ಬನ್ ಅಂಟಿಕೊಂಡಿರುತ್ತದೆ, ಅದನ್ನೂ ಬಿಡಿಸಿದೆ.

5. ಸ್ಟಿಕ್‌ಗೆ ಎರಡು ಸ್ಕ್ರೂ, ಒಂದು ರಿಬ್ಬನ್. ರಿಬ್ಬನ್ ಹಿಡಿದಿರುವುದು ಒಂದು ಸಣ್ಣ ಕಪ್ಪು ರೆಕ್ಕೆ, ಅಕ್ಕಿ ಕಾಳಿಗಿಂತ ಚಿಕ್ಕದು. ಅದನ್ನು ಉಗುರಿಂದ ಮೇಲಕ್ಕೆ ಎತ್ತಬೇಕು. ನಾನು ಚಿಮಟದಿಂದ ಎತ್ತಿದೆ, ರೆಕ್ಕೆಯೇ ಕಳಚಿ ಹಾರಿತು. ನಾನು, ಅಳಿಯ, ಮಗಳು ಮೂವರೂ ಮೊಬೈಲ್ ಬೆಳಕು ಹಿಡಿದು ನೆಲದ ಮೇಲೆ ಹುಡುಕಿದೆವು. ನಲವತ್ತು ನಿಮಿಷ. ಚಾಪೆಯ ಹೆಣಿಗೆಯಲ್ಲಿ ಸಿಕ್ಕಿಕೊಂಡಿತ್ತು. ಮಗಳ ಕಣ್ಣಿಗೆ ಬಿತ್ತು.

6. ಹೊಸ ಸ್ಟಿಕ್ ಕೂರಿಸಿದೆ. ರಿಬ್ಬನ್ ನೇರ ಹೋಗಲು ಐದು ಸಲ ಬೇಕಾಯಿತು. ಎಲ್ಲಾ ಮುಚ್ಚಿ ನೋಡಿದರೆ ಸ್ಟಿಕ್ ಸತ್ತಂತೆ ಇತ್ತು. ಮತ್ತೆ ತೆರೆದೆ. ರಿಬ್ಬನ್ ಅರ್ಧ ಮಿ.ಮೀ. ಹೊರಗಿತ್ತು. ಎರಡನೇ ಸಲ ಮುಚ್ಚಿದರೆ ಸ್ಟಿಕ್ ಸರಿ, ಎಲ್ ಗುಂಡಿ ಒತ್ತಲಾಗಲಿಲ್ಲ. ಮುಚ್ಚಳದ ಅಂಚಿಗೆ ಸಿಕ್ಕಿತ್ತು. ಮೂರನೇ ಸಲಕ್ಕೆ ಎಲ್ಲವೂ ಸರಿ. ಕ್ಯಾಲಿಬ್ರೇಟ್ ಮಾಡಿದೆ. ಚುಕ್ಕೆ ನಡುವೆ ನಿಂತಿತು, ಅಲ್ಲಾಡಲಿಲ್ಲ. ಒಟ್ಟು ಮೂರೂವರೆ ತಾಸು.

ಮಧ್ಯಾಹ್ನ ಅಂಗಡಿಗೆ ಹೋಗಿ ಹಳೆ ಸ್ಟಿಕ್‌ನ ತಗಡಿನ ಟೋಪಿ ಬಿಚ್ಚಿದೆ. ಒಳಗೆ ಏನಿದೆ ಅಂತ ನೋಡದೆ ಇರಲಾಗಲಿಲ್ಲ. ಬದಿಗೊಂದರಂತೆ ಕಪ್ಪು ಕಾರ್ಬನ್ ಪಟ್ಟಿ. ಅದರ ಮೇಲೆ ಓಡಾಡುವ ಎರಡು ಲೋಹದ ಕಾಲು, ಕೂದಲೆಳೆಗಿಂತ ತುಸು ದಪ್ಪ. ಕಾಲು ಎಲ್ಲಿ ನಿಂತಿದೆ ಅನ್ನುವುದರ ಮೇಲೆ ರೆಸಿಸ್ಟೆನ್ಸ್ ಬದಲಾಗುತ್ತದೆ, ಸೆಟ್ ಅದನ್ನು ದಿಕ್ಕು ಅಂತ ಓದುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ. ಪಟ್ಟಿಯ ನಡುವೆ, ಸ್ಟಿಕ್ ಸುಮ್ಮನಿದ್ದಾಗ ಕಾಲು ಕೂರುವ ಜಾಗದಲ್ಲೇ, ಹೊಳೆಯುವ ಗೆರೆ ಬಿದ್ದಿತ್ತು. ಸುತ್ತ ಕಪ್ಪು ಪುಡಿ. ಹತ್ತಿಯ ಕಡ್ಡಿ ಆಡಿಸಿದರೆ ಕಾಡಿಗೆಯಂತೆ ಬಂತು.

ಮಿಕ್ಸಿ ಮೋಟರಿನ ಕಾರ್ಬನ್ ಬ್ರಷ್ ಸವೆದಾಗ ಬರುವುದೂ ಇದೇ ಪುಡಿ. ಮೂವತ್ತು ವರ್ಷದಿಂದ ಬೆರಳ ಸಂದಿಯಲ್ಲಿ ಇರುವ ಪುಡಿ. ವರ್ಷಗಟ್ಟಲೆ ಆಡಿದ ಸ್ಟಿಕ್ ಅದು, ಮೇಲೆ ನಮ್ಮೂರ ಧೂಳು. ಯಾರ ತಪ್ಪೂ ಅಲ್ಲ. ಉಜ್ಜುವ ಕಾರ್ಬನ್ ಸವೆಯಲೇಬೇಕು. ಸ್ಪ್ರೇ ಯಾಕೆ ಎರಡೇ ದಿನ ನಿಂತಿತು ಅನ್ನುವುದೂ ಆಗ ತಿಳಿಯಿತು. ಸ್ಪ್ರೇ ಪುಡಿಯನ್ನು ತೊಳೆಯುತ್ತದೆ, ಸವೆದ ಪಟ್ಟಿಯನ್ನು ಕಟ್ಟಿಕೊಡುವುದಿಲ್ಲ. ಆ ಪಟ್ಟಿಯನ್ನು ಅಳಿಯನಿಗೂ ತೋರಿಸಿದೆ. ಅವನು ಬಹಳ ಹೊತ್ತು ಕನ್ನಡಿ ಬಿಡಲಿಲ್ಲ.

ಮೇ 4, ಭಾನುವಾರ. ಕರೆಂಟು ಹೋದ ರಾತ್ರಿ

ಸಂಜೆ ಗಾಳಿ ಎದ್ದಿತು, ನಾಲ್ಕು ಹನಿ ಬಿತ್ತು, ಕರೆಂಟು ಹೋಯಿತು. ಮಕ್ಕಳು ಕೊನೆಯ ಸುತ್ತಿನಲ್ಲಿದ್ದರು. ಟಿವಿ ಕಪ್ಪಾದಾಗ ಇಬ್ಬರೂ ಒಟ್ಟಿಗೆ "ಹೋ" ಅಂದರು. ನಾನು ಸೆಟ್ ಅನ್ನು ಡಾಕ್‌ನಿಂದ ಎತ್ತಿದೆ. ಅದೇ ರಸ್ತೆ, ಅದೇ ಗಾಡಿಗಳು ಸ್ಕ್ರೀನಿನಲ್ಲಿ ಇದ್ದವು. ಮಾಳಿಗೆ ಮೇಲೆ ಚಾಪೆ ಹಾಸಿ, ಸೆಟ್ ನಿಲ್ಲಿಸಿ, ಅಲ್ಲೇ ಮುಂದುವರಿಸಿದರು. ಎರಡು ತಾಸು ಕರೆಂಟು ಬರಲಿಲ್ಲ, ಯಾರೂ ಕೇಳಲೂ ಇಲ್ಲ. ಕೈಗೂ ಟಿವಿಗೂ ಆಗುವ ಸೆಟ್ ಅಂತ ಓದಿದಾಗ ಇದು ಊರಿಂದೂರಿಗೆ ಹೋಗುವವರಿಗೆ ಅಂದುಕೊಂಡಿದ್ದೆ. ನಮ್ಮಂಥ ಊರಿಗೆ ಇದರ ಉಪಯೋಗ ಆ ರಾತ್ರಿ ಕಂಡಿತು.

ಬ್ಯಾಟರಿ ಲೆಕ್ಕ: ಬೆಳಕು ಅರ್ಧ ಇಟ್ಟು ಇದೇ ಆಟ ಆಡಿದರೆ ನಮ್ಮ ಹಳೆ ಸೆಟ್‌ಗೆ ನಾಲ್ಕು ತಾಸು ಹತ್ತು ನಿಮಿಷ.

ಕೊರತೆ ಒಂದು ಕಂಡಿತು. ಬೆನ್ನಿನ ಕಾಲು ಕಿರುಬೆರಳಷ್ಟು ಅಗಲ, ಅದೂ ಒಂದು ಮೂಲೆಗೆ. ಮಾಳಿಗೆಯ ಗಾಳಿಗೆ ಸೆಟ್ ಎರಡು ಸಲ ಮಕಾಡೆ ಬಿತ್ತು. ಗ್ಲಾಸ್‌ನ ಮೂಲೆ ಸೀಳಿತು, ಸ್ಕ್ರೀನ್ ಉಳಿಯಿತು. ಚಾರ್ಜಿಂಗ್ ತೂತು ಸೆಟ್‌ನ ಕೆಳಗೆ ಇರುವುದರಿಂದ ಕಾಲಿನ ಮೇಲೆ ನಿಲ್ಲಿಸಿದಾಗ ಚಾರ್ಜ್ ಹಾಕಲೂ ಆಗುವುದಿಲ್ಲ.

ಮೇ 11, ಭಾನುವಾರ. ಮರದ ಕಾಲು

ಬಾಗಿಲ ಚೌಕಟ್ಟಿನ ಬೇವಿನ ತುಂಡು ಒಂದಿತ್ತು. ಉದ್ದ 180, ಅಗಲ 80, ಎತ್ತರ 60 ಮಿ.ಮೀ. ಮಾಡಿಕೊಂಡೆ. ಸೆಟ್‌ನ ದಪ್ಪ 14 ಮಿ.ಮೀ.ಗೆ ಒಂದು ಕೂದಲು ಕಡಿಮೆ. ಹಿಂದಕ್ಕೆ ವಾಲಿಸಿ 14 ಮಿ.ಮೀ. ಸೀಳು ಕೊಯ್ದೆ. ಕೂರಲಿಲ್ಲ, ಗ್ಲಾಸ್ ಅಂಟಿಸಿದ್ದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಉಜ್ಜಿ 16 ಮಾಡಿ ಒಳಗೆ ಮೆತ್ತನೆ ಬಟ್ಟೆ ಅಂಟಿಸಿದೆ. ನಡುವೆ ಕೆಳಗಿನವರೆಗೆ 20 ಮಿ.ಮೀ. ತೂತು, ಕೇಬಲ್ ಬರಲು. ತಳದಲ್ಲಿ ಕೇಬಲ್ ಹೊರಗೆ ಹೋಗಲು ಕಾಲುವೆ. ಬೇವು ಭಾರ, ಗಾಳಿಗೆ ಅಲ್ಲಾಡಲ್ಲ. ಈಗ ನಿಲ್ಲಿಸಿಕೊಂಡೇ ಪವರ್ ಬ್ಯಾಂಕ್ ಹಾಕಬಹುದು.

ಮೇ 18, ಭಾನುವಾರ. ಖರ್ಚು ಮತ್ತು ಉಳಿದದ್ದು

ಸೆಟ್ 13,000. ಕಾರ್ಡ್ 950. ಗ್ಲಾಸ್ 250. ಪ್ಲಗ್ 80. ಬೋರ್ಡ್ 650. ಬ್ರಾಕೆಟ್ 180. ಸ್ಪ್ರೇ 280. ಸ್ಟಿಕ್ ಮತ್ತು ಟೂಲ್ 1,750. ಒಟ್ಟು 17,140 ರೂಪಾಯಿ. ಪ್ಲೈವುಡ್, ಫ್ಯಾನ್, ಬೇವು ಲೆಕ್ಕದಲ್ಲಿಲ್ಲ. ಸ್ಪ್ರೇಯ ದುಡ್ಡು ಉಳಿಸಬಹುದಿತ್ತು. ಬೋರ್ಡಿನ ದುಡ್ಡು ಮೊದಲ ದಿನವೇ ಹಾಕಬೇಕಿತ್ತು.

ಎಡಗಡೆ ಸ್ಟಿಕ್ ಮೂರು ವಾರದಿಂದ ಒಂದೇ ಸಮ ಇದೆ. ನಿನ್ನೆ ಬಲಗಡೆಯದನ್ನೂ ವೃತ್ತದಲ್ಲಿ ನೋಡಿದೆ. ಚುಕ್ಕೆ ನಡುವೆಯೇ ನಿಂತಿದೆ, ಹಾಗಾಗಿ ಬಿಚ್ಚಿಲ್ಲ. ಜೋಡಿಯ ಇನ್ನೊಂದು ಸ್ಟಿಕ್ ಪ್ಯಾಕೆಟ್‌ನಲ್ಲೇ ಇದೆ. ವೈ ಸ್ಕ್ರೂಡ್ರೈವರ್ ಮತ್ತು ಸೈಕಲ್ ಟ್ಯೂಬಿನ ತುಂಡಿನ ಜೊತೆ ಒಂದು ಡಬ್ಬಿಗೆ ಹಾಕಿ ಟಿವಿ ಕೆಳಗಿನ ಶೋಕೇಸ್‌ನಲ್ಲಿ ಇಟ್ಟಿದ್ದೇನೆ.